ನನ್ನ ತಂಗಿ ಮತ್ತು ಟೆಕ್ಸಾಸಿನ ಹಲ್ಲಿನ ಕಾಯ್ದೆ

ಪರೀಕ್ಷೆಯ ದಿನ, ಶನಿವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ: ಟೆಕ್ಸಾಸಿನ ಲಿಯಾಂಡರ್ ಊರು, ತಂಗಿಯ ಮನೆಯ ಊಟದ ಮೇಜು. ಹಾಜರಿದ್ದವರು: ನಾನು, ನನ್ನ ತಂಗಿ ಮತ್ತು ಅವಳ ಕಾಲೇಜಿನ ಕಾಲದ ಒಂದು ಜೊತೆ ಪ್ಲಾಸ್ಟರ್ ದವಡೆ. ನನ್ನ ಮಾತನ್ನು ಶಿಸ್ತಾಗಿ ಕೇಳುತ್ತಿದ್ದದ್ದು ದವಡೆ ಮಾತ್ರ.

ನನ್ನ ತಂಗಿಗೆ ಮನುಷ್ಯರ ಮುಖವೇ ಕಾಣುವುದಿಲ್ಲ ಎಂದರೆ ನಂಬುತ್ತೀರಾ? ಕಣ್ಣು ಚೆನ್ನಾಗಿಯೇ ಇದೆ. ಆದರೆ ಅದು ಮೂಗಿನಿಂದ ಕೆಳಗೆ, ಗದ್ದದಿಂದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಯಾರ ಹೆಸರೂ ನೆನಪಿರುವುದಿಲ್ಲ. ಮುಂದಿನ ಹಲ್ಲಲ್ಲಿ ಸಂದಿ ಇರುವವರು ಫೋನ್ ಮಾಡಿದ್ದರು ಎನ್ನುತ್ತಾಳೆ. ಅವರು ಯಾರೆಂದು ನಾವೇ ಪತ್ತೆ ಹಚ್ಚಬೇಕು!

ಒಮ್ಮೆ ಶುಗರ್ ಲ್ಯಾಂಡಿನಲ್ಲಿ ಗೃಹಪ್ರವೇಶಕ್ಕೆ ಹೋಗಿದ್ದೆವು. ಮನೆಯಾಕೆ ನಗುತ್ತ ಕುಂಕುಮ ಹಚ್ಚಲು ಬಂದರೆ, ಇವಳು ಹಣೆ ಒಡ್ಡುವುದನ್ನು ಬಿಟ್ಟು ಅವರ ಬಾಯೊಳಗೆ ಇಣುಕಿ, ಎಡಗಡೆ ಮೇಲಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಲೇಬೇಕೆಂದು ತಿಳಿಸಿದಳು. ಸುದ್ದಿ ಅಡುಗೆಮನೆಗೂ ತಲುಪಿತು. ಆ ದಿನದ ಗ್ರೂಪ್ ಫೋಟೋ ನೀವು ನೋಡಬೇಕು. ನಲವತ್ತು ಜನ ತುಟಿ ಬಿಗಿದು ನಿಂತಿದ್ದಾರೆ, ಶೋಕಸಭೆಗೆ ಬಂದವರ ಹಾಗೆ!

ಅದು ಹುಚ್ಚಲ್ಲ, ಕಸುಬು. ಧಾರವಾಡದಲ್ಲಿ ಹನ್ನೊಂದು ವರ್ಷ ಅವಳು ಹಲ್ಲಿನ ಡಾಕ್ಟರಾಗಿದ್ದಳು. ಟೆಕ್ಸಾಸಿನಲ್ಲಿ ಆ ಪದವಿ ನಡೆಯಲಿಲ್ಲ. ಮಕ್ಕಳನ್ನು ಬೆಳೆಸುವುದರಲ್ಲಿ ವರ್ಷಗಳು ಹೋದವು. ಐವತ್ತಕ್ಕೆ ಕಾಲಿಟ್ಟಾಗ ಡೆಂಟಲ್ ಹೈಜಿನಿಸ್ಟ್ ಕೋರ್ಸು ಸೇರಿದಳು. ರೋಗಿಯ ಹಲ್ಲು ಶುಚಿ ಮಾಡಿ, ಮುಂದಿನದನ್ನು ಡಾಕ್ಟರಿಗೆ ಬಿಡುವ ಕೆಲಸ ಅದು. ಮಗಳ ವಯಸ್ಸಿನವರ ಜೊತೆ ಕೂತು ಓದಿ ಎಲ್ಲ ಪರೀಕ್ಷೆಯನ್ನೂ ಪಾಸು ಮಾಡಿದಳು. ಉಳಿದದ್ದು ರಾಜ್ಯದ ಕಾಯ್ದೆಯ ಪರೀಕ್ಷೆ ಒಂದೇ. ಅದಾದರೆ ಲೈಸೆನ್ಸು, ಲೈಸೆನ್ಸು ಬಂದರೆ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಕೆಲಸ. ಕ್ಲಿನಿಕ್ಕಿನವರು ಈ ವಾರದವರೆಗೆ ಕಾಯುತ್ತೇವೆ ಎಂದಿದ್ದರು.

ಮಾದರಿ ಪರೀಕ್ಷೆಯಲ್ಲಿ ಮೂರು ಸಲ ಫೇಲಾದಳು. ಓದದೆ ಅಲ್ಲ! ರೋಗಿ ತನ್ನ ಹಲ್ಲು ಹುಳುಕೇ ಎಂದು ಕೇಳಿದರೆ ಹೈಜಿನಿಸ್ಟ್ ಏನು ಮಾಡಬೇಕು? ಹೇಳಬೇಕು, ಎಂದು ಇವಳ ಉತ್ತರ. ನೋವಿಗೆ ಔಷಧ? ಬರೆದುಕೊಡಬೇಕು. ಹಲ್ಲು ಕೊರೆಯುವುದು? ತಡವೇಕೆ! ಕಾಯ್ದೆ ಬೇಡವೆಂದದ್ದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿ ಮುಗಿಸುತ್ತಿದ್ದಳು.

ಆಗ ಡಲ್ಲಾಸಿನಲ್ಲಿದ್ದ ನನ್ನನ್ನು ಅವಳ ಮಕ್ಕಳು ಕರೆಸಿದರು. ನಾನು ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಬಂದ ದಿನವೇ ವೇಳಾಪಟ್ಟಿ ಹಾಕಿದೆ. ಆರಕ್ಕೆ ನಿಯಮಗಳು, ಏಳಕ್ಕೆ ತಿಂಡಿ, ಏಳೂ ಇಪ್ಪತ್ತಕ್ಕೆ ತಾಲೀಮು. ತಾಲೀಮಿನಲ್ಲಿ ನಾನು ರೋಗಿ. ಸೋಫಾದ ಮೇಲೆ ಬಾಯಿ ತೆರೆದು ಮಲಗಿ, ಏನಾಗಿದೆ ಎಂದು ಕೇಳುತ್ತೇನೆ. ಅವಳು ಹೇಳಬೇಕಾದದ್ದು ಒಂದೇ ವಾಕ್ಯ: "ಅದನ್ನ ಡಾಕ್ಟರು ನೋಡಿ ಹೇಳ್ತಾರ್ರಿ."

ಎಂಟು ದಿನವಾದರೂ ಆ ವಾಕ್ಯ ಪೂರ್ತಿ ಹೊರಬರಲಿಲ್ಲ. "ಅದನ್ನ" ಎನ್ನುವಳು, ನಿಲ್ಲುವಳು, ಆಮೇಲೆ ನನ್ನ ಹಲ್ಲಿನ ಕಥೆ ಶುರು. ಶುಕ್ರವಾರ ನನಗೆ ರೇಗಿತು. ಇಷ್ಟು ಹೇಳಲು ಏನು ಧಾಡಿ ಎಂದು ಗದರಿದೆ.

ಅವಳು ಕೈಯಲ್ಲಿದ್ದ ಪುಟ್ಟ ಕನ್ನಡಿಯನ್ನು ಮೇಜಿನ ಮೇಲಿಟ್ಟಳು. "ಹನ್ನೊಂದು ವರ್ಷ ಆ ಡಾಕ್ಟರು ನಾನ ಇದ್ದೆ ಅಕ್ಕಾ. ಈಗ ಬ್ಯಾರೆ ಯಾರೋ ಬರ್ತಾರ ಅಂತ ಹೆಂಗ ಹೇಳ್ಲಿ?"

ಇದಕ್ಕೆ ನನ್ನ ವೇಳಾಪಟ್ಟಿಯಲ್ಲಿ ಜಾಗವಿರಲಿಲ್ಲ. ಅಷ್ಟು ಹೊತ್ತು ತೆರೆದೇ ಇದ್ದ ಬಾಯಿಯನ್ನು ಮುಚ್ಚಿದೆ. ಅವಳೇ ನನ್ನ ಗದ್ದ ಹಿಡಿದು ಬಾಯಿ ತೆರೆಸಿ, ಆ ವಾಕ್ಯವನ್ನು ಕೊನೆಯವರೆಗೆ ಹೇಳಿದಳು. ಇಪ್ಪತ್ತು ಸಲ ಹೇಳಿದಳು. ನಾನು ಎಣಿಸಿದೆ.

ಮರುದಿನ ಶನಿವಾರ ಹತ್ತಕ್ಕೆ ಕಾಯ್ದೆಯ ಪರೀಕ್ಷೆಗೆಂದು ಕಂಪ್ಯೂಟರಿನ ಮುಂದೆ ಕೂತು ಕೋಣೆಯ ಬಾಗಿಲು ಹಾಕಿಕೊಂಡಳು. ನಾನು ಅದೇ ಸೊಪ್ಪನ್ನು ಎರಡು ಸಲ ಸೋಸಿದೆ. ಹನ್ನೆರಡೂವರೆಗೆ ಹೊರಬಂದು, ಪಾಸು ಎಂದಷ್ಟೇ ಹೇಳಿ ಅನ್ನಕ್ಕೆ ಇಟ್ಟಳು. ಕುಣಿಯಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ.

ಸಂಜೆ ಆರಕ್ಕೆ ನಾನು ಬಾಯಿ ಮುಕ್ಕಳಿಸಿ ಬಂದು ಸೋಫಾದ ಮೇಲೆ ಮಲಗಿದೆ.

"ತಾಲೀಮು ಮುಗೀತಲ್ಲ ಅಕ್ಕಾ."

"ಇದು ತಾಲೀಮಲ್ಲ. ಬಲಗಡೆ ಅಗದ್ರ ಜುಮ್ ಅಂತದ. ಏನಾಗ್ಯದ ನೋಡಿ ಹೇಳು."

"ಹೇಳಬಾರದು. ಲೈಸೆನ್ಸ್ ಇಲ್ಲದ ಹೇಳೂದಂತೂ ಇನ್ನೂ ದೊಡ್ಡ ತಪ್ಪು."

ಕಾಯ್ದೆ ಅಂತೂ ತಲೆಗೆ ಹತ್ತಿತ್ತು!

"ಸೋಮವಾರ ಇಲ್ಲಿ ಡಾಕ್ಟರಿಗೆ ತೋರಸ್ತೀನಿ," ಎಂದೆ. "ಇವತ್ತ ನಮ್ಮನಿ ಡಾಕ್ಟರು ನೋಡ್ಲಿ."

ಅವಳು ಒಳಗೆ ಹೋಗಿ ಮೊಣಕೈವರೆಗೆ ಕೈ ತೊಳೆದು, ಫೋನಿನ ಬೆಳಕು ಹಿಡಿದು ಬಂದಳು. ಅವಸರವಿಲ್ಲದೆ ಒಂದೊಂದೇ ಹಲ್ಲು ನೋಡಿದಳು. ಯಾವುದು ಸವೆದಿದೆ, ಯಾವುದು ಬಿರುಕು ಬಿಟ್ಟಿದೆ, ಯಾವುದನ್ನು ಇನ್ನೂ ಉಳಿಸಿಕೊಳ್ಳಬಹುದು ಎಂದು ಮೆಲ್ಲಗೆ ಹೇಳುತ್ತ ಹೋದಳು. ಹೆದರಬೇಡ ಎಂದಳು. ಆ ದನಿಯನ್ನು ನಾನು ಇಪ್ಪತ್ತು ವರ್ಷದಿಂದ ಕೇಳಿರಲಿಲ್ಲ.

ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಕೆಳಗೆ ಸಹಿಗೆ ಜಾಗ ಬಿಟ್ಟು ಅವಳ ಮುಂದೆ ಇಟ್ಟೆ. ಅವಳು ಮೊದಲು "ಡಾ." ಎಂದು ಬರೆದು, ಆಮೇಲೆ ಹೆಸರು ಬರೆದಳು. ಆಗ ಆರೂ ಮುಕ್ಕಾಲು.