ಹನ್ನೆರಡು ಗಂಟಿನ ಹಗ್ಗ

ಜಗಳ ಹುಟ್ಟಿದ್ದು ಒಂದು ಮೂಲೆಯಲ್ಲಿ.

ಕಾಲೇಜು ಲೈಬ್ರರಿಯ ಹಿಂಬದಿಗೆ ಹೊಸ ಕೋಣೆ ಏಳುತ್ತಿತ್ತು. ಐದು ಸಾಲು ಇಟ್ಟಿಗೆ ಮೇಲೆ ಬಂದಿತ್ತು. ಮೇಸ್ತ್ರಿ ಆರನೆಯದಕ್ಕೆ ಕರಣೆ ಎತ್ತಿದ್ದನಷ್ಟೆ, ಹೆಡ್ ಗುಮಾಸ್ತರು ಬಂದು ನಿಂತರು. ಎಲ್ಲದಕ್ಕೂ ‘ಲಿಖಿತವಾಗಿ ಕೊಡಿ’ ಎನ್ನುತ್ತಿದ್ದ ಅವರಿಗೆ ಬೆನ್ನ ಹಿಂದೆ ಲಿಖಿತರಾಯರು ಎಂದೇ ಹೆಸರು. ನೆಗಡಿಯಾದರೆ ಸೀನುವ ಮೊದಲು ಮೂಗಿನಿಂದ ಅರ್ಜಿ ಬರೆಸಿಕೊಳ್ಳುವ ಆಸಾಮಿ.

ರಾಯರು ತಲೆಯನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು. “ಮೇಸ್ತ್ರೀ, ಈ ಮೂಲೆ ಯಾಕೋ ಸೊಟ್ಟ ಕಾಣುತ್ತಲ್ರೀ.”

ಮೂವತ್ತು ವರ್ಷದಿಂದ ಗೋಡೆ ಕಟ್ಟುತ್ತಿದ್ದ ಮೇಸ್ತ್ರಿಗೆ ಕಪಾಳಕ್ಕೆ ಬಾರಿಸಿದಂತಾಯಿತು. “ಸೊಟ್ಟವಾ? ಸ್ವಾಮಿ, ಹಗ್ಗ ಹಿಡಿದು ಇಟ್ಟ ಮೂಲೆ ಇದು. ತುದಿಗೆ ತುದಿ ಸೇರಿಸಿ ಹನ್ನೆರಡು ಗಂಟು, ಎಲ್ಲಾ ಗಂಟಿನ ನಡುವೆ ಒಂದೇ ಅಳತೆ. ಒಂದು ಕಡೆಗೆ ಮೂರು ಅಳತೆ, ಇನ್ನೊಂದು ಕಡೆಗೆ ನಾಲ್ಕು, ಅಡ್ಡಕ್ಕೆ ಐದು. ಬಿಗಿಯಾಗಿ ಎಳೆದ್ರೆ ಮೂಲೆ ತಪ್ಪೋ ಮಾತೇ ಇಲ್ಲ. ನಮ್ಮಪ್ಪ ಹೇಳಿಕೊಟ್ಟ ಲೆಕ್ಕ.”

“ಎಲ್ಲಿ ಬರೆದಿದೆ?”

“ಬರೆಯೋದೇನು ಸ್ವಾಮಿ, ಕೈಗೆ ಗೊತ್ತು.”

“ಕೈಗೆ ಗೊತ್ತಿರೋದನ್ನ ಫೈಲಿಗೆ ಹಾಕೋಕಾಗಲ್ಲ. ಮಧ್ಯಾಹ್ನದೊಳಗೆ ಲಿಖಿತವಾಗಿ ತೋರಿಸಿ. ಇಲ್ಲಾ, ಒಡೆದು ಕಟ್ಟಿ.”

ಮೇಸ್ತ್ರಿ ಕರಣೆ ಕೆಳಗಿಟ್ಟ. ಗಾರೆ ಕಲಸುತ್ತಿದ್ದ ಹೆಂಡತಿಗೆ, “ಹತ್ತೇ ನಿಮಿಷ, ಬಂದೆ,” ಎಂದ.

“ಎಲ್ಲಿಗ್ರೀ? ಈಗ ತಾನೇ ಕಲಸಿದೀನಿ. ಗಟ್ಟಿಯಾದ್ರೆ ನನ್ನ ಕೇಳಬೇಡಿ.”

“ಓದೋಕೆ,” ಎಂದ ಮೇಸ್ತ್ರಿ. ಅವಳ ಕೈಯಿಂದ ಸಲಿಕೆ ಜಾರಿ ಬಿತ್ತು.

ಲೈಬ್ರರಿಯ ಗೋಡೆಗೆ ಅವನು ಎರಡು ಸಲ ಗಿಲಾವು ಮಾಡಿದ್ದ. ಒಳಗೆ ಓದಲು ಹೋದದ್ದು ಇದೇ ಮೊದಲು. ಚಪ್ಪಲಿ ಹೊರಗೆ ಬಿಟ್ಟ. ಪ್ರಯೋಜನವಾಗಲಿಲ್ಲ, ಕಾಲಿನ ಸಿಮೆಂಟು ನೆಲದುದ್ದಕ್ಕೂ ಬೆಳ್ಳಗೆ ಹೆಜ್ಜೆ ಮೂಡಿಸುತ್ತ ಮೇಜಿನ ತನಕ ಜೊತೆಗೇ ಬಂತು.

“ಅಮ್ಮಾ, ಹಗ್ಗದಲ್ಲಿ ಮೂಲೆ ಹಿಡಿಯೋ ಲೆಕ್ಕ ಯಾವ ಪುಸ್ತಕದಲ್ಲಿದೆ? ಮೊದಲು ಯಾರು ಮಾಡಿದ್ದು ಅಂತಲೂ ಬೇಕು.”

ಲೈಬ್ರರಿಯಮ್ಮ ನೆಲ ನೋಡಿ ಬೈಯಲು ಬಾಯಿ ತೆರೆದಿದ್ದವರು ಹಾಗೇ ನಿಂತರು. ಹದಿನಾರು ವರ್ಷದಿಂದ ಆ ಮೇಜಿಗೆ ಬಂದವರೆಲ್ಲ ಕೇಳಿದ್ದು ಎರಡೇ: ಹಳೇ ಪ್ರಶ್ನೆಪತ್ರಿಕೆ ಎಲ್ಲಿದೆ, ಫ್ಯಾನಿನ ಸ್ವಿಚ್ಚು ಎಲ್ಲಿದೆ. “ಗಣಿತದ ಚರಿತ್ರೆ!” ಎಂದರು, ತವರಿನಿಂದ ಯಾರೋ ಬಂದರೆನ್ನುವ ಹಾಗೆ. “ಇದೆ ಮೇಸ್ತ್ರಿ. ದಪ್ಪ ಪುಸ್ತಕ. ನಾನೇ ತರಿಸಿದ್ದು. ಬನ್ನಿ.”

ಗಣಿತದ ಕಪಾಟಿನಲ್ಲಿ ಪುಸ್ತಕ ಇರಲಿಲ್ಲ. ಅಲ್ಲೇ ಕೂತಿದ್ದ ಗಣಿತದ ಮೇಷ್ಟ್ರು ಕನ್ನಡಕ ಮೇಲೆತ್ತಿದರು. “ಚರಿತ್ರೆ ಅಂದ್ಮೇಲೆ ನಮ್ಮ ಕಪಾಟಲ್ಲಿ ಯಾಕಿರುತ್ತೆ? ಆ ಕಡೆ ನೋಡಿ.”

ಆ ಕಡೆಯ ಚರಿತ್ರೆ ಮೇಷ್ಟ್ರು ಕುಳ್ಳಗಿನ ಮನುಷ್ಯ, ಮಾತು ಮಾತ್ರ ಎತ್ತರ. “ಗಣಿತ ಅಂದ್ಮೇಲೆ ನಮ್ಮಲ್ಲಿ ಯಾಕಿರುತ್ತೆ?”

ಇಬ್ಬರಿಗೂ ವಾದ ಹತ್ತಿಕೊಂಡಿತು. ಕಿಟಕಿಯಾಚೆಯಿಂದ ಹೆಂಡತಿಯ ಕೂಗು ಕೇಳಿತು: “ರೀ! ಗಾರೆ ಬಿಗೀತಿದೆ!” ಮೇಸ್ತ್ರಿ ಏಣಿ ಹತ್ತಿ ಮೇಲಿನ ಸಾಲು ತಡಕಿದ, ಎರಡು ಜೇಡ, ಒಂದು ಬೀಗದ ಕೈ ಸಿಕ್ಕಿತು. ಮೇಲಿನಿಂದ ನೋಡಿದಾಗ ಕಣ್ಣಿಗೆ ಬಿದ್ದದ್ದು ಚರಿತ್ರೆ ಮೇಷ್ಟ್ರ ಕುರ್ಚಿ.

“ಮೇಷ್ಟ್ರೇ, ಸ್ವಲ್ಪ ಏಳ್ತೀರಾ?”

ಮೇಷ್ಟ್ರು ಎದ್ದರು. ಕೆಳಗೆ, ಮೆತ್ತೆಯ ಮೇಲೊಂದು ದಪ್ಪ ಪುಸ್ತಕ. “ಕುರ್ಚಿ ತಗ್ಗು ಕಣಮ್ಮಾ,” ಎಂದರು ಮೆಲ್ಲಗೆ. “ನಾಲ್ಕು ವರ್ಷದಿಂದ ಅಭ್ಯಾಸ ಆಗೋಗಿದೆ.”

ಲೈಬ್ರರಿಯಮ್ಮ ಪುಸ್ತಕವನ್ನು ಸೆರಗಿನಲ್ಲಿ ಒರೆಸಿದರು. ಹಿಂದಿನ ರಟ್ಟಿನ ತಾರೀಕು ಚೀಟಿ ಖಾಲಿ. ಇದುವರೆಗೆ ಒಬ್ಬರೂ ಒಯ್ದಿರಲಿಲ್ಲ. “ಮೊದಲನೇ ಓದುಗರು ನೀವೇ. ಕೈಗೆ ಸಿಮೆಂಟಿದೆ, ಮುಟ್ಟಬೇಡಿ, ನಾನೇ ತಿರುವ್ತೀನಿ.” ಮೇಸ್ತ್ರಿ ಕೈ ಕಟ್ಟಿ ಕೂತ. ಅವರು ಓದಿದರು, ಅವನು ಕೇಳಿದ. ಸಾವಿರಾರು ವರ್ಷದ ಹಿಂದೆಯೇ ಜನ ಮೂರು, ನಾಲ್ಕು, ಐದರಂಥ ಮೂಲೆ ಹಿಡಿಯುವ ಸಂಖ್ಯೆಗಳ ಪಟ್ಟಿಯನ್ನು ಹಸಿ ಮಣ್ಣಿನ ಹಲಗೆಯ ಮೇಲೆ ಬರೆದಿಟ್ಟಿದ್ದರಂತೆ.

“ಮಣ್ಣಿನ ಮೇಲೆ?” ಮೇಸ್ತ್ರಿಯ ಕಣ್ಣು ತುಂಬಿತು. “ಹಾಗಾದ್ರೆ ನಮ್ಮೋರೇ ಬಿಡಿ. ನಮ್ಮಪ್ಪನಿಗೆ ಒಂದಕ್ಷರ ಬರ್ತಿರ್ಲಿಲ್ಲ ಅಮ್ಮಾ. ಅವನ ಲೆಕ್ಕ ಇಷ್ಟು ದೊಡ್ಡ ಪುಸ್ತಕದಲ್ಲಿ ಇದೆ ಅಂತ ಅವನಿಗೂ ಗೊತ್ತಿರಲಿಲ್ಲ.”

ಲೈಬ್ರರಿಯಮ್ಮ ಮೂಗು ಒರೆಸಿಕೊಂಡರು. ಗಣಿತದ ಮೇಷ್ಟ್ರಿಗೂ ಹುಮ್ಮಸ್ಸು ಬಂತು. “ಮಾಡೇ ನೋಡೋಣ!” ಪುಸ್ತಕ ಹೊಲಿಯುವ ದಾರಕ್ಕೆ ಅಳೆದು ಹನ್ನೆರಡು ಗಂಟು ಹಾಕಿ ತುದಿ ಸೇರಿಸಿದರು. ಒಂದು ಕಡೆ ಅವರು, ಇನ್ನೊಂದು ಕಡೆ ಚರಿತ್ರೆ ಮೇಷ್ಟ್ರು, ಮೂಲೆಗೆ ಲೈಬ್ರರಿಯಮ್ಮ. ಮೂವರೂ ನೆಲದ ಮೇಲೆ ಮಂಡಿಯೂರಿ ಎಳೆದು ಹಿಡಿದರು. ಆಗಲೇ ಒಳಗೆ ಬಂದ ಲಿಖಿತರಾಯರು ದಾರಕ್ಕೆ ಕಾಲು ಸಿಕ್ಕಿಸಿಕೊಂಡು ಚರಿತ್ರೆ ಮೇಷ್ಟ್ರ ಬೆನ್ನ ಮೇಲೆ ಮೂಟೆಯಂತೆ ಬಿದ್ದರು.

ಎಬ್ಬಿಸಿ ಕೂರಿಸಿ, ನೀರು ಕುಡಿಸಿ, ಮತ್ತೆ ದಾರ ಹಿಡಿದು ತೋರಿಸಿದರು. ನೆಲದ ಚೌಕದ ಹಾಸುಗಲ್ಲಿನ ಮೂಲೆಗೆ ದಾರದ ಮೂಲೆ ಕೂದಲೆಳೆಯಷ್ಟೂ ತಪ್ಪದೆ ಕೂತಿತು. ರಾಯರು ಪುಟವನ್ನು ಎರಡು ಸಲ ಓದಿದರು.

“ಅಚ್ಚಾಗಿದೆ,” ಎಂದರು ಭಕ್ತಿಯಿಂದ. “ಮೇಸ್ತ್ರೀ, ತಪ್ಪು ನನ್ನದು. ಹಗ್ಗದ ಲೆಕ್ಕ ಸರಿ. ಇನ್ಮೇಲೆ ಈ ಕಾಲೇಜಿನಲ್ಲಿ ಹಗ್ಗ ಹೇಳಿದ್ದೇ ಅಂತಿಮ. ಬನ್ನಿ, ಅಳತೆಯನ್ನ ಫೈಲಿಗೆ ಬರೆದುಬಿಡೋಣ.”

ಪುಸ್ತಕ ಮುಂದೆ, ಐದು ಜನ ಹಿಂದೆ, ಮೆರವಣಿಗೆ ಹೊರಗೆ ಬಂತು. ಗಾರೆ ಕಲ್ಲಾಗಿತ್ತು, ಅದರ ನಡುವೆ ಸಲಿಕೆ ನೆಟ್ಟಗೆ ನಿಂತಿತ್ತು. ಮೇಸ್ತ್ರಿ ಅದನ್ನು ಲೆಕ್ಕಿಸದೆ ಹಗ್ಗ ಬಿಚ್ಚಿ ಹೆಮ್ಮೆಯಿಂದ ಕೊಟ್ಟ. ಗಣಿತದ ಮೇಷ್ಟ್ರು ಟೇಪು ಹಿಡಿದು ಒಂದೊಂದೇ ಗಂಟಿನ ಅಂತರ ಅಳೆದರು. ಏಳರವರೆಗೂ ಸರಿ. ಎಂಟನೆಯದಕ್ಕೆ ಅವರ ಬೆರಳು ನಿಂತಿತು.

“ಇಲ್ಲಿ ಒಂದು ಗೇಣು ಕಮ್ಮಿ ಇದೆಯಲ್ಲ?”

ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಹೆಂಡತಿಯ ಮುಖ ನೋಡಿದ.

“ಅದಾ?” ಎಂದಳು ಅವಳು. “ಹೋದ ವಾರ ಬಟ್ಟೆ ಒಣಹಾಕೋಕೆ ಕಟ್ಟಿದ್ದೆ. ಕಂಬಳಿ ಭಾರಕ್ಕೆ ಗಂಟಿನ ಹತ್ರ ಕಿತ್ತುಹೋಯ್ತು. ನವೆದಿದ್ದ ತುದಿ ಕತ್ತರಿಸಿ, ಗಂಟು ಇದ್ದ ಕಡೆನೇ ಮತ್ತೆ ಗಂಟು ಹಾಕಿ ಇಟ್ಟೆ. ಹನ್ನೆರಡು ಹನ್ನೆರಡೇ ಇದೆ, ನಾನು ಎಣಿಸಿದೀನಿ.”

ಲಿಖಿತರಾಯರು ಪೆನ್ನು ತೆಗೆದು, ನಿಜವಾದ ದುಃಖದಿಂದ ಬರೆಯತೊಡಗಿದರು: ಐದು ಸಾಲು, ಒಡೆಯತಕ್ಕದ್ದು. ಆಧಾರ: ಗಣಿತದ ಚರಿತ್ರೆ.

ಮೇಸ್ತ್ರಿ ಸುತ್ತಿಗೆ ಕೈಗೆತ್ತಿಕೊಂಡ. ಬೆಳಿಗ್ಗೆಯೇ ಒಡೆದಿದ್ದರೆ ಗಾರೆಯಾದರೂ ಉಳಿಯುತ್ತಿತ್ತು. ಆದರೂ ಎದೆಯೊಳಗೆ ಯಾವುದೋ ತಂಪು. ಅಪ್ಪನ ಲೆಕ್ಕ ಸುಳ್ಳಾಗಲಿಲ್ಲ. ಅವನು ಲೈಬ್ರರಿಯಮ್ಮನಿಗೆ ಕೈ ಮುಗಿದ.

“ನಿಮ್ಮ ಉಪಕಾರ ಸಾಯೋತನಕ ಮರೆಯಲ್ಲ ತಾಯಿ.”

“ಅಯ್ಯೋ, ನಾನೇನು ಮಾಡ್ದೆ ಮೇಸ್ತ್ರಿ? ಗೋಡೆ ಬೇರೆ ಹೋಯ್ತು. ಮತ್ತೇನಾದ್ರೂ ಓದಿ ಹೇಳ್ಬೇಕಾ?”

ಮೇಸ್ತ್ರಿ ಅತ್ತ ನೋಡಿದ. ಲಿಖಿತರಾಯರು ಪುಸ್ತಕವನ್ನು ಇಟ್ಟಿಗೆ ರಾಶಿಯ ಮೇಲೆ ಬಿಡಿಸಿಟ್ಟುಕೊಂಡು, ಅಕ್ಷರಕ್ಕೆ ಬೆರಳಿಟ್ಟು ಮುಂದಿನ ಅಧ್ಯಾಯ ಓದುತ್ತಿದ್ದರು. ಒಂದೊಂದು ಸಾಲಿಗೂ ತಲೆಯೆತ್ತಿ, ಹೋದ ವರ್ಷ ಮೇಸ್ತ್ರಿಯೇ ಕಟ್ಟಿದ್ದ ದುಂಡನೆಯ ನೀರಿನ ತೊಟ್ಟಿಯನ್ನು ಎಡದಿಂದ, ಬಲದಿಂದ ನೋಡುತ್ತಿದ್ದರು.

“ಏನೂ ಬೇಡ ತಾಯಿ,” ಎಂದ ಮೇಸ್ತ್ರಿ. “ಪುಸ್ತಕವನ್ನ ಬೇಗ ಒಳಗೆ ತಗೊಂಡು ಹೋಗಿ. ಅವರು ವೃತ್ತದ ಪಾಠಕ್ಕೆ ಬಂದಿದ್ದಾರೆ.”