ದುಬೈ ಕ್ಯಾಮೆರಾದ ಚೆಕ್ಕುಬಂದಿ

ಅಗ್ಗಕ್ಕೆ ಸಿಕ್ಕಿತೆಂದು ನಾನು ಮನೆಗೆ ತಂದ ಯಾವ ಸಾಮಾನೂ ಸುಮ್ಮನೆ ಮೂಲೆಯಲ್ಲಿ ಕೂತ ಉದಾಹರಣೆಯಿಲ್ಲ. ಒಂದೊಂದೂ ಒಂದೊಂದು ಕಥೆ ಕಟ್ಟಿಕೊಟ್ಟೇ ಗುಜರಿಗೆ ಹೋಗಿದೆ. ಮಧುಗಿರಿಯ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತು ವರ್ಷ ಊರವರ ಕ್ರಯಪತ್ರ ಓದಿ ನಿವೃತ್ತನಾದವನು ನಾನು. "ಓದದೆ ಸಹಿ ಹಾಕಬೇಡ್ರಪ್ಪ" ಎಂದು ಸಿಕ್ಕಸಿಕ್ಕವರಿಗೆಲ್ಲ ಬುದ್ಧಿ ಹೇಳಿದವನು. ಅಂಥ ನಾನೇ ಅಂಗೈಯಗಲದ ಒಂದು ಕಾರ್ಡು ಓದದೆ ಸಿಕ್ಕಿಬಿದ್ದೆ.

ಜಗಳದ ಹಕ್ಕು

ನಮ್ಮೂರ ಹತ್ತಿರದ ಮೈದನಹಳ್ಳಿ ಬಯಲಿನ ಕೃಷ್ಣಮೃಗ ನೆಗೆಯುವಾಗ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆಯೇ? ನಿವೃತ್ತನಾದ ಮೇಲೆ ನನ್ನ ತಲೆ ಹೊಕ್ಕ ಪ್ರಶ್ನೆ ಇದು. ಮೊಬೈಲಿನಲ್ಲಿ ತೆಗೆದ ಫೋಟೋ ತೋರಿಸಿದರೆ ನಮ್ಮಾಕೆ, "ಇದು ಜಿಂಕೆನೋ ಸೊಳ್ಳೆನೋ?" ಅಂದಳು. ಒಳ್ಳೆ ಕ್ಯಾಮೆರಾ ಬೇಕಾಯಿತು. ನಮ್ಮ ಪೇಟೆಯಲ್ಲಿ ಬೆಲೆ ಕೇಳಿದೆ, ಕೂತುಕೊಂಡೆ. ಶಿರಾದ ನನ್ನ ಹಳೆಯ ಗೆಳೆಯರು, ಕಡಲೆಕಾಯಿ ವ್ಯಾಪಾರದ ಸಾಹೇಬರು, ಮಗಳನ್ನು ನೋಡಲು ದುಬೈಗೆ ಹೊರಟಿದ್ದರು. ಅಲ್ಲಿ ಅದೇ ಕ್ಯಾಮೆರಾ ಎಷ್ಟೋ ಕಡಿಮೆಯಂತೆ.

"ನಮ್ಮೂರ ಅಂಗಡೀಲಿ ತಗಂಡ್ರೆ, ಕೆಟ್ಟಾಗ ಹೋಗಿ ಜಗಳ ಆಡಬಹುದು," ಅಂದಳು ನಮ್ಮಾಕೆ. "ದುಬೈಗೆ ಯಾರು ಹೋಗ್ತಾರೆ ಜಗಳ ಆಡಕ್ಕೆ?"

"ಅದಕ್ಕೇ ಕಣೇ ವಾರಂಟಿ ಅಂತ ಇರೋದು. ಲೋಕಪ್ರಸಿದ್ಧ ಕಂಪನಿ."

"ತರಿಸ್ಕಳಿ. ಆದ್ರೆ ಇದೂ ನಿಮ್ಮ ಕೈಯಾಗೇ ಕೆಟ್ರೆ, ಇನ್ಮೇಲೆ ನನ್ನ ಕೇಳ್ದೆ ಒಂದು ಟಾರ್ಚೂ ತರಂಗಿಲ್ಲ."

ಒಪ್ಪಿಕೊಂಡೆ. ನನ್ನ ಜೀವಮಾನದಲ್ಲಿ ನೋಂದಣಿಯಿಲ್ಲದೆ ಆದ ಕರಾರುಗಳಲ್ಲಿ ಇಂದಿಗೂ ಮುರಿಯಲಾಗದ್ದು ಅದೊಂದೇ.

ಡಬ್ಬಿಯೊಳಗೆ ಏನಿತ್ತು?

ಸಾಹೇಬರು ವಾಪಸು ಬಂದ ದಿನವೇ ಬಸ್ಸು ಹತ್ತಿ ಶಿರಾಕ್ಕೆ ಹೋದೆ. ಮೇಜಿನ ಮೇಲೆ ಕ್ಯಾಮೆರಾದ ಡಬ್ಬಿ. ಕೂರುವ ಮೊದಲೇ ತೆರೆದೆ. ಒಳಗೆ ಖರ್ಜೂರ!

"ಡಬ್ಬಿ ಬಹುತ್ ಗಟ್ಟಿ ಇತ್ತು ಸಾರ್," ಅಂದರು ಸಾಹೇಬರು. "ಖರ್ಜೂರ ಮುದ್ದೆ ಆಗಬಾರದಲ್ಲ?"

"ಹಾಗಾದ್ರೆ ಕ್ಯಾಮೆರಾ?"

ಹಳೆಯ ಲುಂಗಿಯ ಗಂಟೊಂದನ್ನು ತಂದು ಬಿಚ್ಚಿದರು. ಕ್ಯಾಮೆರಾ ಸುಖವಾಗಿ ಮಲಗಿತ್ತು. ಬಿಲ್ಲು, ವಾರಂಟಿ ಕಾರ್ಡು ಎರಡನ್ನೂ ಪಾಸ್‌ಪೋರ್ಟಿನೊಳಗೆ ಜೋಪಾನ ಮಾಡಿದ್ದರು. ನಾನು ಕಾರ್ಡನ್ನು ಕಣ್ಣಿಗೊತ್ತಿಕೊಂಡೆ. ಓದಲಿಲ್ಲ. ಕಣ್ಣಿಗೊತ್ತಿಕೊಂಡದ್ದನ್ನು ಓದುವ ಅಭ್ಯಾಸ ನಮ್ಮಲ್ಲಿ ಯಾರಿಗಿದೆ ಹೇಳಿ?

ಗುಂಡಿಗೊಂದು ಬೊಟ್ಟು

ಹೊಸ ವಸ್ತು ಬಂದರೆ ನಮ್ಮಲ್ಲಿ ಪೂಜೆಯಾಗದೆ ಮುಟ್ಟುವಂತಿಲ್ಲ. ಗ್ರೈಂಡರಿಗೂ ಆಗಿದೆ, ಗೀಸರಿಗೂ ಆಗಿದೆ. ನಮ್ಮಾಕೆ ಜಾಣೆ. "ಸೂಕ್ಷ್ಮದ ಸಾಮಾನು, ಚೀಲಕ್ಕಿಟ್ರೆ ಸಾಕು," ಎಂದು ಚೀಲಕ್ಕೆ ಕುಂಕುಮವಿಟ್ಟು ತೆಂಗಿನಕಾಯಿ ತರಲು ಒಳಗೆ ಹೋದಳು. ನನಗೆ ಸಮಾಧಾನವಾಗಲಿಲ್ಲ. ಫೋಟೋ ತೆಗೆಯುವುದು ಚೀಲವೇ? ಗುಂಡಿ ತಾನೇ! ಒದ್ದೆ ಬೆರಳಲ್ಲಿ ಕುಂಕುಮ ಕಲಸಿ ಗುಂಡಿಯ ನೆತ್ತಿಗೆ ಒಂದು ದಪ್ಪ ಬೊಟ್ಟಿಟ್ಟೆ. ಅವಳು ಬರುವಷ್ಟರಲ್ಲಿ ಪಂಚೆಯ ಅಂಚಿನಿಂದ ಒರೆಸಿಯೂ ಬಿಟ್ಟೆ.

ಅಂದು ಮಂಗಳವಾರ. ಮೊದಲ ಫೋಟೋಗೆ ಶುಕ್ರವಾರ ಒಳ್ಳೆ ದಿನವೆಂದು ಕಾದೆವು. ಶುಕ್ರವಾರ ಒತ್ತಿದರೆ ಗುಂಡಿ ಅಲುಗಲೊಲ್ಲದು. ನಮ್ಮೂರ ಬೆಟ್ಟದ ಬಂಡೆಯಂತೆ ಕೂತಿದೆ.

"ದುಬೈ ಮಾಲು," ಅಂದಳು ನಮ್ಮಾಕೆ. ನಾನೂ ಜೋರಾಗಿ, "ಹೌದೌದು, ದುಬೈ ಮಾಲು!" ಅಂದೆ.

ಭಾಗವಾದ ಅಣ್ಣತಮ್ಮಂದಿರು

ಬೆಂಗಳೂರಿನ ಸರ್ವಿಸ್ ಸೆಂಟರಿನಲ್ಲಿ ಕೂತಿದ್ದ ಹುಡುಗಿ ಕ್ಯಾಮೆರಾ ಮುಟ್ಟಲೇ ಇಲ್ಲ, ಕಾರ್ಡು ಮಾತ್ರ ನೋಡಿದಳು. "ಸಾರ್, ಇದರ ವಾರಂಟಿ ಕೊಂಡ ದೇಶದಲ್ಲಿ ಮಾತ್ರ ನಡೆಯುತ್ತೆ."

"ಕಂಪನಿ ಒಂದೇ ಅಲ್ವೇನಮ್ಮ?"

"ಕಂಪನಿ ಒಂದೇ ಸಾರ್. ಆದ್ರೆ ಅವರದು ಅವರಿಗೆ, ನಮ್ಮದು ನಮಗೆ."

ತಕ್ಷಣ ಅರ್ಥವಾಯಿತು. ತಾಯಿ ಒಬ್ಬಳೇ, ಮಕ್ಕಳಿಗೆ ಭಾಗವಾಗಿದೆ. ಇಂಥ ವಿಭಾಗಪತ್ರ ಎಷ್ಟು ಸಾವಿರ ನೋಂದಾಯಿಸಿಲ್ಲ ನಾನು! ಆಗ ಕನ್ನಡಕ ಏರಿಸಿ ಕಾರ್ಡು ಓದಿದೆ. ಕೊನೆಯ ಸಾಲಿನಲ್ಲಿ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಯಾವ ಯಾವ ದೇಶಗಳಲ್ಲಿ ವಾರಂಟಿ ಊರ್ಜಿತವೆಂದು ಬರೆದಿತ್ತು. ಚೆಕ್ಕುಬಂದಿ! ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು ಎಂದು ಎಲ್ಲೆ ಹೇಳುವ ನಮ್ಮ ಕಚೇರಿಯ ಅದೇ ಚೆಕ್ಕುಬಂದಿ. ಆ ಎಲ್ಲೆಯೊಳಗೆ ನಾನೂ ಇರಲಿಲ್ಲ, ನನ್ನ ಜಿಂಕೆಯೂ ಇರಲಿಲ್ಲ.

ನಮ್ಮ ಬಿಸಿಲು, ಅವರ ಬಿಸಿಲು

ಕೊನೆಗೆ ಸಾಹೇಬರ ಮಗಳು ದುಬೈಯಲ್ಲಿ ಕ್ಯಾಮೆರಾ ಕೊಂಡ ಅಂಗಡಿಗೇ ಹೋಗಿ ವಿಡಿಯೋ ಕಾಲ್ ಮಾಡಿದಳು. ಇತ್ತ ಶಿರಾದಲ್ಲಿ ಸಾಹೇಬರ ಪಡಸಾಲೆಯಲ್ಲಿ ನಾವು ಮೂವರು. ನಮ್ಮಾಕೆ ಸೆರಗು ಬಿಗಿದು ಶುರುಮಾಡಿದಳು: "ಏನಪ್ಪಾ, ನಾವು ಬರಕ್ಕಾಗಲ್ಲ ಅಂತ ಕೆಟ್ಟಿರೋದ್ನ ಕಟ್ಟಿ ಕಳಿಸ್ಬುಟ್ಟಿದ್ದೀಯಲ್ಲ!"

ಅಂಗಡಿಯವನ ಮುಖ ಅರಳಿತು. "ನಿದಾನ ಕಣಮ್ಮ! ನಮ್ದೂ ಆ ಕಡೇನೇ. ಪಾವಗಡದ ತಾವ ರಾಯಚರ್ಲು."

ಜಗಳ ಅಲ್ಲೇ ನಿಂತಿತು. "ಅಯ್ಯೋ, ಊಟ ಆಯ್ತೇನಪ್ಪ? ನಿಮ್ಮ ಹೊಲಾನೂ ಆ ಸೋಲಾರ್ ಕರೆಂಟಿನೋರಿಗೆ ಕೊಟ್ಟಿದ್ದೀರಾ?"

"ಅವುನಮ್ಮ. ನಮ್ಮ ಬಿಸಿಲನ್ನ ಬಾಡಿಗೆಗೆ ಕೊಟ್ಟು, ಇಲ್ಲಿ ಇವರ ಬಿಸಿಲಿಗೆ ಬಂದಿದ್ದೀನಿ. ಇರ್ಲಿ, ಕ್ಯಾಮೆರಾ ತೋರ್ಸಿ. ಇನ್ನೂ ಹತ್ರ... ಗುಂಡಿ ಸುತ್ತ ಅದೇನಮ್ಮ ಕೆಂಪಗೆ?"

ನಮ್ಮಾಕೆ ಕ್ಯಾಮೆರಾವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಮೂಸಿದಳು. ನಾನು ಸಾಹೇಬರ ಗೋಡೆ ಗಡಿಯಾರ ನೋಡತೊಡಗಿದೆ.

"ಕುಂಕುಮ ಅಲ್ವಾ?" ಅಂದ ಅವನು, ನಗು ತಡೆಯುತ್ತ. "ನಮ್ಮವ್ವಾನೂ ಟ್ರ್ಯಾಕ್ಟರ್ ಮೀಟರಿಗೆ ಹಿಂಗೇ ಮೆತ್ತಿದ್ಲು. ಇದಕ್ಕೆ ಯಾವ ದೇಶದಾಗೂ ವಾರಂಟಿ ಇಲ್ಲ ಕಣಮ್ಮ. ಒಣಗಿರೋ ಮೆತ್ತನೆ ಬ್ರಷ್‌ನಾಗೆ ಉಜ್ಜಿ, ಬಿಟ್ಕಂತದೆ."

ಸಾಹೇಬರು ಹೊಸ ಹಲ್ಲುಜ್ಜುವ ಬ್ರಷ್ ಒಂದನ್ನು ತಂದುಕೊಟ್ಟರು. ಅವಳು ಸಾವಧಾನವಾಗಿ ಉಜ್ಜಿದಳು. ಉಜ್ಜುತ್ತಲೇ, ತಲೆಯೆತ್ತದೆ, ತೀರಾ ಮೆತ್ತಗೆ ಕೇಳಿದಳು: "ರೀ, ನಾನು ಚೀಲಕ್ಕೆ ತಾನೇ ಕುಂಕುಮ ಇಟ್ಟಿದ್ದು?"

ಆ ಕ್ಷಣಕ್ಕೇ ಕ್ಯಾಮೆರಾ ಎತ್ತಿ ನನ್ನತ್ತ ಹಿಡಿದು ಗುಂಡಿ ಒತ್ತಿದಳು. ಕ್ಲಿಕ್!

ಫೋಟೋವನ್ನು ಒಂದು ಗಳಿಗೆ ನೋಡಿ ನನ್ನ ಮುಂದೆ ಹಿಡಿದಳು. ಅಗಲವಾದ ಕಣ್ಣು, ನಿಮಿರಿದ ಕಿವಿ, ಕುರ್ಚಿಯಿಂದ ಅರ್ಧ ಎದ್ದು ಬಾಗಿಲ ಕಡೆ ತಿರುಗಿದ ಮೈ. ಎರಡೂ ಕಾಲು ನೆಲ ಬಿಟ್ಟಿದ್ದವು.

"ತಗಳಿ," ಅಂದಳು. "ನಿಮ್ಮ ಜಿಂಕೆ."