ರಾಕ್ಷಸನ ಊರು ಕೇಳಿದ ಷಡ್ಡಕರು

ನಮ್ಮ ಷಡ್ಡಕರನ್ನು, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನನ್ನು, ನೀವು ಯುದ್ಧಕ್ಕೆ ಕಳಿಸಿ ನೋಡಿ. ಶತ್ರುವಿನ ಮನೆಯಲ್ಲಿ ಉಂಡು, ಎಲೆ ಅಡಿಕೆ ಹಾಕಿಕೊಂಡು ಮರಳುತ್ತಾರೆ! ಸುಮ್ಮನೆ ಹೇಳುತ್ತಿಲ್ಲ. ನಾನೇ ಕಳಿಸಿದ್ದೆ.

ಯುದ್ಧ ಮೇಜಿನ ಮೇಲಿನದು. ಕೊಲ್ಹಾಪುರದ ಕಾಲೇಜಿನಿಂದ ಮೊಮ್ಮಗಳು ತಂದ ಆಟ. ಒಬ್ಬೊಬ್ಬರು ಒಂದೊಂದು ಪಾತ್ರವಾಗಬೇಕು, ಅದರ ಬಲಾಬಲವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಗೆಲುವು ಸೋಲು ದಾಳ ಹೇಳುತ್ತದೆ. ಒಬ್ಬರು ಮಾತ್ರ ಕಥೆ ನಡೆಸಬೇಕು, ಎದುರಾದವರೆಲ್ಲರ ಮಾತನ್ನೂ ಅವರೇ ಆಡಬೇಕು. ಆ ಕೆಲಸ ನನಗೆ ಬಂತು. ಬಾರದೆ ಏನು? ಇಡೀ ಗಡಹಿಂಗ್ಲಜದಲ್ಲಿ ಗಡಿಯಾರ ನೋಡಿ ಸೀನುವ ಮನುಷ್ಯ ನಾನೊಬ್ಬನೇ! ಭಾನುವಾರ ನಾಲ್ಕಕ್ಕೆ ಶುರು, ಐದಕ್ಕೆ ಚಹಾ, ಆರಕ್ಕೆ ಮುಕ್ತಾಯ.

ಮೊಮ್ಮಗಳು ಮಾಂತ್ರಿಕಳಾದಳು. ಪಕ್ಕದ ಮನೆಯ ಡಾಕ್ಟರು ಬಿಲ್ಲುಗಾರರಾದರು. ವಾರವಾರವೂ ಇಚಲಕರಂಜಿಯಿಂದ ಎಸ್.ಟಿ. ಬಸ್ಸು ಹಿಡಿದು ಬರುತ್ತಿದ್ದ ಷಡ್ಡಕರು?

"ನಾ ಮಗ್ಗದಾಂವ. ಹಂಗ ಬರ್ಕೋರಿ."

ಕತ್ತಿ?

"ಬ್ಯಾಡ್ರಿ. ಒಂದ ಚೀಲ ಇದ್ರ ಸಾಕು."

ಮೊದಲ ದಿನ ಕೋಟೆಯ ಬಾಗಿಲಲ್ಲಿ ಕಾವಲುಗಾರ. ಡಾಕ್ಟರು ಬಾಣ ಹೂಡಿದರು. ಷಡ್ಡಕರು ಅಡ್ಡ ಬಂದು, "ತಡೀರಿ ಡಾಕ್ಟರ್ರ" ಎಂದು ಕಾವಲುಗಾರನ ಕಡೆ ತಿರುಗಿದರು. "ಯಾವೂರಾವ್ರಿ ನೀವು?"

ಕಾವಲುಗಾರ ಅಂದರೆ ನಾನೇ ತಾನೆ? ಬಾಯಿಗೆ ಬಂದ ಊರು ಹೇಳಿದೆ. "ಉತ್ತೂರ."

"ಉತ್ತೂರ! ಯಾರ ಪೈಕಿ? ತಾಯಿ ತವರಮನಿ ಯಾವ್ದು?"

ಐದರ ಚಹಾ ಐದೂವರೆಗೆ ಬಂತು! ಅಷ್ಟರಲ್ಲಿ ಕಾವಲುಗಾರನಿಗೆ ಅಜ್ಜಿ, ಸೋದರಮಾವ, ಚಂದಗಡದಲ್ಲಿ ಗದ್ದೆ ಎಲ್ಲ ಹುಟ್ಟಿಕೊಂಡಿದ್ದವು. ಕೊನೆಗೆ ಅವನು ಷಡ್ಡಕರಿಗೆ ದೂರದ ಅಳಿಯನೂ ಆದ. ಅಳಿಯನಿಗೆ ಬಾಣ ಬಿಡುವುದು ಹೇಗೆ?

ಮುಂದಿನ ವಾರಗಳಲ್ಲಿ ಮಾಟಗಾತಿ ಅತ್ತಿಗೆಯಾದಳು. ಕಳ್ಳರು ಬೀಗರಾದರು.

"ಅಜ್ಜಾ, ನಾವು ಲಡಾಯಿಗೆ ಬಂದೇವೋ, ಕನ್ಯಾ ನೋಡಾಕೋ?" ಎಂದಳು ಮೊಮ್ಮಗಳು.

"ನಾಕ ವಾರ ಆತ್ರಿ, ಒಂದ ಬಾಣ ಬಿಟ್ಟಿಲ್ಲ" ಎಂದು ಡಾಕ್ಟರು ಗೊಣಗಿದರು.

ಷಡ್ಡಕರನ್ನು ಪಕ್ಕಕ್ಕೆ ಕರೆದು ಎರಡು ಮಾತು ಹೇಳಬಹುದಿತ್ತು. ಊಹೂಂ! ಶಿಸ್ತಿನ ಮನುಷ್ಯ ನೋಡಿ, ಆಟದೊಳಗೇ ತೀರಿಸಿದೆ. ಐದನೆಯ ವಾರ ರಾಕ್ಷಸನ ಗುಹೆ. ಅವರು ಚೀಲ ಕೆಳಗಿಟ್ಟು, "ನಮಸ್ಕಾರ್ರಿ, ಯಾವೂ..." ಎನ್ನುವಷ್ಟರಲ್ಲಿ ರಾಕ್ಷಸ ಗದೆ ಬೀಸಿದ. ದಾಳವನ್ನೂ ಉರುಳಿಸಲಿಲ್ಲ. "ಮಗ್ಗದವರು ಸತ್ತರು" ಎಂದೆ. ಗಡಿಯಾರ ನೋಡಿದೆ. "ಮುಂದ ಯಾರು?" ಎಂದೆ.

ಹೊಸ ಪಾತ್ರ ಬರೆದುಕೊಳ್ಳಲು ಕಾಗದ ಕೊಟ್ಟಾಗ, "ಇರ್ಲಿ ಬಿಡ್ರಿ" ಎಂದು ನಕ್ಕರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಆಟ ಆರಕ್ಕೆ ಸರಿಯಾಗಿ ಮುಗಿಯತೊಡಗಿತು. ಎಂಟು ರಾಕ್ಷಸರು ಸತ್ತರು. ಆದರೆ ಆರಾದ ಮೇಲೆ ಯಾರೂ ಕೂತು ಮಾತಾಡುತ್ತಿರಲಿಲ್ಲ.

ಮೂರು ತಿಂಗಳಿಗೆ ನಾನೇ ಇಚಲಕರಂಜಿಗೆ ಹೋದೆ.

"ಭಾನುವಾರ ಬರ್ರಿ. ಚಲೋ ಪಾತ್ರ ಕೊಡ್ತೇನಿ."

"ನನಗ ಬ್ಯಾರೆಯವ್ರ ಆಗಾಕ ಬರೂದಿಲ್ರೀ ಅಣ್ಣಾವ್ರ. ಅಲ್ಲಿದ್ದಾಂವ ನಾನ. ಸತ್ತದ್ದಕ್ಕ ಏನಿಲ್ರಿ. ಯಾರೂ ಅಯ್ಯೋ ಅನ್ನಲಿಲ್ಲ."

ನಲವತ್ತು ವರ್ಷದ ನೆಂಟಸ್ತನದಲ್ಲಿ ಮೊದಲ ಸಲ "ತಪ್ಪಾತ್ರಿ" ಎಂದೆ. ಅವರು ನನ್ನ ಭುಜ ತಟ್ಟಿದರು. ತಾವೇ ಚಹಾ ಮಾಡಿ ತಂದರು. ಬಸ್‌ಸ್ಟ್ಯಾಂಡಿನ ತನಕ ನಡೆದು ಬಂದು, ಗದ್ದಲದಲ್ಲಿ ಹೊರಗಿನಿಂದಲೇ ಕಿಟಕಿಯೊಳಗೆ ಟವೆಲ್ ಹಾಕಿ ನನಗೊಂದು ಸೀಟು ಹಿಡಿದುಕೊಟ್ಟರು. ಭಾನುವಾರ ಬರುತ್ತೇನೆ ಎಂದು ಮಾತ್ರ ಅನ್ನಲಿಲ್ಲ.